ಪಿಂಗಾಣಿ ಕುಟ್ಟಾಣಿ

ಹುಚ್ಚುಗಳಲ್ಲೂ ಮರ್ಯಾದಸ್ಥ ಹುಚ್ಚು ಅಂತ ಒಂದಿದೆ. ಅಂಚೆಚೀಟಿ, ಹಳೆಯ ನಾಣ್ಯ ಕೂಡಿಸುವವರ ಮನೆಗೆ ಜನ ಹುಡುಕಿಕೊಂಡು ಬರುತ್ತಾರೆ. ನಾನು ಕೂಡಿಸಿದ್ದು ಬ್ರಿಟಿಷರ ಕಾಲದ ರೈಲ್ವೆ ತಂತಿಕಂಬದ ಪಿಂಗಾಣಿಗಳನ್ನು. ಕಂಬದ ತುದಿಯಲ್ಲಿ ತಂತಿ ಸುತ್ತಿಸಿಕೊಂಡು, ಬೋರಲು ಹಾಕಿದ ಕಪ್ಪಿನ ಹಾಗೆ ಕೂತಿರುತ್ತವಲ್ಲ, ಅವು. ನಮ್ಮ ಬೈಲಹೊಂಗಲಕ್ಕೆ ರೈಲೇ ಇಲ್ಲ. ಹಾಗಾಗಿ ನೋಡಿದವರೆಲ್ಲ ಮೊದಲು ನನ್ನ ಕಪಾಟಿನ ಕಡೆಗೆ, ಆಮೇಲೆ ಕನಿಕರದಿಂದ ನನ್ನ ಹೆಂಡತಿಯ ಕಡೆಗೆ ನೋಡುತ್ತಿದ್ದರು. ಅವಳು ನೆಂಟರ ಮುಂದೆ ಅವನ್ನು ಉಪ್ಪಿನಕಾಯಿ ಜಾಡಿಯ ಮುಚ್ಚಳಗಳೆಂದು ಹೇಳಿ ಮನೆತನದ ಮಾನ ಉಳಿಸುತ್ತಿದ್ದಳು.

ರೈಲ್ವೆಯವರು ಆ ಕಂಬಗಳನ್ನು ಕೀಳತೊಡಗಿದಾಗ, ಲೋಂಡಾ ಕಡೆಗೆ ಲಾರಿ ಓಡಿಸುತ್ತಿದ್ದ ಗೆಳೆಯ ಕಾಸೀಮ ಗುಜರಿಯಲ್ಲಿ ಸಿಕ್ಕಿದ್ದನ್ನೆಲ್ಲ ತಂದುಕೊಡುತ್ತಿದ್ದ. ಒಮ್ಮೆ ಅವನು, ಮನೋಳಿಯಲ್ಲಿರುವ ತನ್ನ ಸೋದರತ್ತೆ ಖೈರುನ್‌ಬಿ ಇಂಥದೇ ಒಂದರಲ್ಲಿ ಎಲೆ-ಅಡಿಕೆ ಕುಟ್ಟುತ್ತಾಳೆ ಅಂದ. ಅವಳ ಗಂಡ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದವನು. ಅದರ ಮೈಮೇಲೆ ಏನೋ ಅಕ್ಷರ ಇದ್ದ ಹಾಗಿದೆ ಅಂತಲೂ ಸೇರಿಸಿದ. ಅವತ್ತು ನಾನು ಸರಿಯಾಗಿ ಊಟ ಮಾಡಲಿಲ್ಲ.

ಮುಂದಿನ ಭಾನುವಾರವೇ ಹೋದೆ. ಬಾಯಲ್ಲಿ ಒಂದೂ ಹಲ್ಲಿಲ್ಲದ ಮುದುಕಿ, ಬಟ್ಟೆಯ ಸಿಂಬಿಯ ಮೇಲೆ ಪಿಂಗಾಣಿಯನ್ನು ತಲೆಕೆಳಗಾಗಿ ಕೂರಿಸಿ ಕುಟ್ಟುತ್ತಿದ್ದಳು. ನಲವತ್ತು ವರ್ಷದ ಸುಣ್ಣ, ರಸ ಮೆತ್ತಿ ಅದರ ಬಣ್ಣವೇ ತಿಳಿಯುತ್ತಿರಲಿಲ್ಲ. ಕೇಳಿದೆ, ಚಹಾ ಕೊಟ್ಟಳು, ಪಿಂಗಾಣಿ ಕೊಡಲಿಲ್ಲ. ಎರಡನೆಯ ಸಲ ಹೋದಾಗಲೂ ಬರೀ ಚಹಾ. ಮೂರನೆಯ ಸಲ ಹೊಸ ಹಿತ್ತಾಳೆ ಕುಟ್ಟಾಣಿ ಒಯ್ದು ಅವಳ ಮುಂದಿಟ್ಟೆ. ಅವಳು ಅದನ್ನು ನೋಡಲೇ ಇಲ್ಲ.

“ಮೂರ್ ಸಲ ಬಂದೀರಿ ಮಾಸ್ತರ್ರ. ಮನಿಗೆ ಬಂದವರ್ನ ಎಷ್ಟ್ ಸಲ ಬರಿಗೈಲೆ ಕಳಸೂದು, ಒಯ್ರಿ” ಅಂದಳು.

ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಬಸ್ಸಿನುದ್ದಕ್ಕೂ ಅದನ್ನು ಕೂಸಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಂದೆ. ಬಚ್ಚಲು ತೊಳೆಯುವ ಆಸಿಡ್ ಹಾಕಿ ಎರಡು ದಿನ ಉಜ್ಜಿದೆ. ಹಾಲಿನಂಥ ಬಿಳುಪು ಬಂತು, ಹಳೆಯ ಕಂಪನಿಯ ಅಕ್ಷರಗಳೂ ಮೂಡಿದವು. ನನ್ನ ಬಳಿ ಅಂಥದು ಇನ್ನೊಂದಿರಲಿಲ್ಲ.

ಹದಿನೈದು ದಿನಕ್ಕೆ ಕಾಸೀಮ ಮುಖ ಸಣ್ಣದು ಮಾಡಿಕೊಂಡು ಬಂದ. ಹಿತ್ತಾಳೆಯಲ್ಲಿ ಕುಟ್ಟಿದ್ದು ಬಾಯಿಗೆ ಹತ್ತದೆ ಅತ್ತೆ ಎಲೆ ಹಾಕುವುದನ್ನೇ ಬಿಟ್ಟಿದ್ದಾಳೆ, ಊಟವೂ ಅಷ್ಟಕ್ಕಷ್ಟೇ ಅಂದ. ಆಗ ಬಂತು ನಾಚಿಕೆ. ಮರುದಿನವೇ ಪಿಂಗಾಣಿಯನ್ನು ಮನೋಳಿಗೆ ಒಯ್ದು ಅವಳ ಕೈಗಿಟ್ಟೆ. ತಿರುಗಿಸಿ ತಿರುಗಿಸಿ ನೋಡಿದಳು. ಮೂಸಿದಳು. ಎಲೆ ಕುಟ್ಟಿ ಬಾಯಿಗೆ ಹಾಕಿಕೊಂಡವಳು ಹೊರಗೆ ಹೋಗಿ ಉಗುಳಿ ಬಂದಳು.

“ಇದು ನಮ್ದಲ್ಲ ಮಾಸ್ತರ್ರ.”

ಅದೇ ಇದು, ತೊಳೆದಿದ್ದೇನೆ ಅಷ್ಟೇ ಎಂದು ಆಣೆ ಮಾಡಿದೆ. ಅಕ್ಷರ ತೋರಿಸಿದೆ, ಅವಳಿಗೆ ಓದು ಬಾರದು.

“ಇರ್ಲಿ ಬಿಡ್ರಿ” ಅಂದಳು ಮುದುಕಿ, ಕಳ್ಳನನ್ನು ಕ್ಷಮಿಸುವ ದನಿಯಲ್ಲಿ. “ನಮ್ದು ಸಿಕ್ಕಾಗ ತಂದು ಕೊಡ್ರಿ.”

ಪಿಂಗಾಣಿಯನ್ನು ವಾಪಸು ತಂದೆ. ಉಳಿದದ್ದು ಒಂದೇ ದಾರಿ, ಅದಕ್ಕೆ ಹಳೆಯ ಕಲೆ ಮತ್ತೆ ಹಿಡಿಸುವುದು. ಅಡಿಕೆ ಚೂರನ್ನೂ ಮುಟ್ಟದ ನಾನು ಅದರಲ್ಲಿ ದಿನಕ್ಕೆ ನಾಲ್ಕು ಸಲ ಎಲೆ ಕುಟ್ಟಿ ತಿನ್ನತೊಡಗಿದೆ. ಪಿಂಗಾಣಿಗಿಂತ ಮೊದಲು ಹಲ್ಲು ಕೆಂಪಾದವು. ಹೆಡ್‌ಮಾಸ್ತರರು ಕರೆದು ಬುದ್ಧಿ ಹೇಳಿದರು. ಹೆಂಡತಿ ಮಾತು ಕಡಿಮೆ ಮಾಡಿದಳು. ಎರಡು ವರ್ಷವಾಯಿತು. ಮೊನ್ನೆ ಕಾಸೀಮ ಬಂದು, “ಆತೇನ್ರಿ ಸರ? ಅತ್ತಿ ಇನ್ನೂ ಕೇಳ್ತಾಳ” ಅಂದ. ಒಳಗೆಲ್ಲ ಗಟ್ಟಿಯಾಗಿ ಕಂದು ಹಿಡಿದಿತ್ತು, ವಾಸನೆಯೂ ಕೂತಿತ್ತು. ಇನ್ನೂ ಸ್ವಲ್ಪ ದಿನ ಬೇಕು ಅಂದೆ. ಬೇರೆ ಯಾವುದರಲ್ಲಿ ಕುಟ್ಟಿದರೂ ಈಗ ನನಗೆ ಎಲೆ ರುಚಿಸುವುದಿಲ್ಲ.