ಡಾಲ್ಫಿನ್ ಖಂಡಿತ

ದೋಣಿಕಟ್ಟೆಯ ಫಲಕದಲ್ಲಿ ‘ಕಡಲ ಜೀವಿಗಳ ಪಾಠ, ದೋಣಿಯಲ್ಲೇ’ ಎಂದಷ್ಟೇ ಇದ್ದಿದ್ದರೆ ಮೇಷ್ಟ್ರು ಅವತ್ತು ನೀರಿಗೆ ಇಳಿಯಬೇಕಾಗಿರಲಿಲ್ಲ. ಅದರ ಕೆಳಗೆ ಮಾಲೀಕ ಕೆಂಪು ಬಣ್ಣದಲ್ಲಿ ‘ಡಾಲ್ಫಿನ್ ಖಂಡಿತ’ ಎಂದೂ ಬರೆಸಿದ್ದ. ಡಾಲ್ಫಿನ್‌ಗಳಿಗೆ ಓದು ಬರುವುದಿಲ್ಲವಲ್ಲ, ಅವು ಬರಲಿಲ್ಲ.

ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ. ಕಡಲ ಜೀವವಿಜ್ಞಾನ ಓದಿ, ಓದಿಗೆ ತಕ್ಕ ಕೆಲಸ ಹುಡುಕಿ ಚಪ್ಪಲಿ ಸವೆಸಿ, ಕೊನೆಗೆ ಪ್ರವಾಸದ ದೋಣಿಯಲ್ಲಿ ಮೈಕು ಹಿಡಿದು ನಿಂತವರು. ಹವಳ ಹೇಗೆ ಬೆಳೆಯುತ್ತದೆ, ಜೆಲ್ಲಿ ಮೀನಿಗೆ ಯಾಕೆ ಹೃದಯವಿಲ್ಲ, ಕಡಲ ಹುಲ್ಲು ಸತ್ತರೆ ಮೀನುಗಳ ಸಂಸಾರ ಹೇಗೆ ಬೀದಿಗೆ ಬೀಳುತ್ತದೆ ಎಂದು ಅವರು ಮೈಮರೆತು ಹೇಳುತ್ತಿದ್ದರೆ, ಜನ ಬಿಸ್ಕತ್ತು ತಿನ್ನುತ್ತ ಡಾಲ್ಫಿನ್ ಎಲ್ಲಿ ಎಂದು ಕೇಳುತ್ತಿದ್ದರು. ಅದು ಮೇಷ್ಟ್ರಿಗೂ ಗೊತ್ತಿರಲಿಲ್ಲ. ಈ ಕೆಲಸಕ್ಕೆ ಸೇರಿದ ಮೇಲೆ ಅವರೇ ಒಂದನ್ನೂ ಕಂಡಿರಲಿಲ್ಲ.

ಅವತ್ತು ಬೆಳಿಗ್ಗೆ ಮಾಲೀಕ ಅವರನ್ನು ಟಿಕೆಟ್ ಕೋಣೆಯ ಹಿಂದಕ್ಕೆ ಕರೆದು, ಹಳೆಯ ಟಯರಿನಿಂದ ಕತ್ತರಿಸಿದ ಒಂದು ತ್ರಿಕೋನವನ್ನು ಕೈಗಿಟ್ಟ. ಅದಕ್ಕೊಂದು ಬೆಲ್ಟು ಹೊಲಿದಿತ್ತು. ಜೊತೆಗೆ ತಲೆಯಿಂದ ಪಾದದವರೆಗೆ ಮುಚ್ಚುವ ಕಪ್ಪು ಈಜುಡುಗೆ. ಬಂಡೆಯ ಹಿಂದೆ ಅವಿತಿದ್ದು, ದೋಣಿ ಬಂದಾಗ ಬೆನ್ನಿನ ಮೇಲೆ ಇದು ಡಾಲ್ಫಿನ್‌ನ ರೆಕ್ಕೆಯ ಹಾಗೆ ಕಾಣುವಂತೆ ದೂರದಲ್ಲಿ ಒಂದು ಸುತ್ತು ಈಜಬೇಕು. ಪಾಠವನ್ನು ಮೇಷ್ಟ್ರ ಧ್ವನಿಯಲ್ಲಿ ಮೊದಲೇ ಮುದ್ರಿಸಿಟ್ಟಿದ್ದರಿಂದ ಅದು ತನ್ನ ಪಾಡಿಗೆ ಮಾತಾಡಿಕೊಳ್ಳುತ್ತದೆ.

ಇದು ವಿಜ್ಞಾನಕ್ಕೆ ಮಾಡುವ ಅವಮಾನ ಎಂದರು ಮೇಷ್ಟ್ರು.

“ಅವಮಾನ ಆಗೋದಾದ್ರೆ ಬೇಡ ಬಿಡು,” ಎಂದ ಮಾಲೀಕ ತಣ್ಣಗೆ. “ಬೇರೆ ಯಾರನ್ನಾದ್ರೂ ನೋಡ್ಕೋತೀನಿ.”

ಮನೆಯಲ್ಲಿ ಹೆಂಡತಿ ತುಂಬು ಗರ್ಭಿಣಿ. ಸಾಲದ್ದಕ್ಕೆ ಮಗಳನ್ನು ನೋಡಲು ಮಾವನವರು ಬಂದು ಕೂತಿದ್ದರು. ಮೇಷ್ಟ್ರು ತ್ರಿಕೋನವನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಬಂದರೆ, ಕಟ್ಟೆಯ ಮೇಲೆ ಕೊಡೆ ಹಿಡಿದು ಆ ಮಾವನವರೇ ನಿಂತಿದ್ದರು. ಅಳಿಯಂದಿರು ಮಾಡುವ ಕೆಲಸವನ್ನು ಒಮ್ಮೆ ಕಣ್ಣಾರೆ ನೋಡೋಣ ಅಂತ ಬಂದೆ ಎಂದರು. ಮೇಷ್ಟ್ರು ತಡವರಿಸಿ, ಇವತ್ತು ದೊಡ್ಡ ವಿಜ್ಞಾನಿಗಳ ಜೊತೆ ಸಭೆಯಿದೆ, ದೋಣಿಯಲ್ಲಿ ನನ್ನ ಧ್ವನಿ ಮಾತ್ರ ಇರುತ್ತದೆ, ಕಂಕುಳಲ್ಲಿರುವುದು ಸಂಶೋಧನೆಯ ಉಪಕರಣ ಎಂದೆಲ್ಲ ಒದರಿದರು. ಮಾವನವರು ಜೀವಮಾನವೆಲ್ಲ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಶೌಚಾಲಯದಿಂದ ಹೊರಬರುವ ಟಿಕೆಟಿಲ್ಲದ ಪ್ರಯಾಣಿಕನನ್ನು ನೋಡುವಂತೆ ಅಳಿಯನನ್ನು ನೋಡಿ, ಹೋಗಿ ದೋಣಿ ಹತ್ತಿದರು.

ಚಾಲಕ ಮೇಷ್ಟ್ರನ್ನು ಸಣ್ಣ ದೋಣಿಯಲ್ಲಿ ಕರೆದೊಯ್ದು ಬಂಡೆಯ ಹಿಂದೆ ಇಳಿಸಿ, ಪ್ರವಾಸದ ದೋಣಿ ತರಲು ವಾಪಸು ಹೋದ. ನೀರು ಕೊರೆಯುತ್ತಿತ್ತು. ಕೊನೆಗೆ ಪ್ರವಾಸದ ದೋಣಿ ಬಂತು. ಅದಕ್ಕೂ ಮುಂಚೆ ಮೇಷ್ಟ್ರ ಧ್ವನಿಯೇ ನೀರಿನ ಮೇಲೆ ತೇಲಿ ಬಂತು. ಡಾಲ್ಫಿನ್ ಬಲು ಚುರುಕಾದ ಪ್ರಾಣಿ, ಅದರ ಈಜು ಕಣ್ಣಿಗೆ ಸೊಗಸು ಎಂದು ಧ್ವನಿ ಹೇಳುತ್ತಿದ್ದಾಗ, ಧ್ವನಿಯ ಒಡೆಯರು ಉಪ್ಪುನೀರು ಕುಡಿದು ಕೆಮ್ಮುತ್ತ ಹೊರಟರು.

ದೋಣಿಯಲ್ಲಿದ್ದವರೆಲ್ಲ ಒಂದೇ ಬದಿಗೆ ನುಗ್ಗಿದರು. ಚಪ್ಪಾಳೆಯೋ ಚಪ್ಪಾಳೆ. ಅದು ಮೇಷ್ಟ್ರಿಗೂ ಕೇಳಿಸಿತು. ಹವಳಕ್ಕೆ, ಕಡಲ ಹುಲ್ಲಿಗೆ, ಇಷ್ಟು ವರ್ಷ ಓದಿದ್ದಕ್ಕೆ ಒಬ್ಬನೂ ಕೈ ತಟ್ಟಿರಲಿಲ್ಲ. ಈಗ ಟಯರಿನ ತುಂಡಿಗೆ ತಟ್ಟುತ್ತಿದ್ದಾರೆ. ಆದರೂ ಚಪ್ಪಾಳೆ ಚಪ್ಪಾಳೆಯೇ. ಒಂದು ಸುತ್ತು ಸಾಕು ಎಂದಿದ್ದ ಮಾಲೀಕನ ಮಾತು ಮರೆತು ಅವರು ಇನ್ನೊಂದು ಸುತ್ತಿಗೆ ತಿರುಗಿದರು. ಅರ್ಧದಲ್ಲಿ ಕಾಲಿನ ಸ್ನಾಯು ಹಿಡಿದುಕೊಂಡಿತು. ಬೆಲ್ಟು ಜಾರಿ ಬೆನ್ನಿನ ರೆಕ್ಕೆ ಹೊಟ್ಟೆಗೆ ಬಂತು.

ದೋಣಿಯಲ್ಲಿ ಪ್ರಾಣಿದಯಾ ಸಂಘದ ಕಾರ್ಯದರ್ಶಿ ಒಬ್ಬರಿದ್ದರು. ಹೆಂಗಸು ಗಟ್ಟಿ, ಗಂಟಲು ಇನ್ನೂ ಗಟ್ಟಿ. ಅದಕ್ಕೆ ಪೆಟ್ಟಾಗಿದೆ, ಒದ್ದಾಡುತ್ತಿದೆ, ದೋಣಿ ತಿರುಗಿಸು ಎಂದರು. ಗುಟ್ಟು ಬಲ್ಲ ಚಾಲಕ, ಹತ್ತಿರ ಹೋದರೆ ಕಚ್ಚುತ್ತೆ ಎಂದು ತಪ್ಪಿಸಿಕೊಳ್ಳಲು ನೋಡಿದ. ನಿನ್ನ ಮೇಲೆ ಕೇಸು ಹಾಕುತ್ತೇನೆ ಎಂದಾಗ ತಿರುಗಿಸಿದ. ಬಿಡುವಿನಲ್ಲಿ ಮೀನು ಹಿಡಿಯಲೆಂದು ಅವನು ಇಟ್ಟುಕೊಂಡಿದ್ದ ಬಲೆಯನ್ನೇ ಎಲ್ಲರೂ ಸೇರಿ ಬೀಸಿ, ಏದುಸಿರು ಬಿಡುತ್ತ ಮೇಷ್ಟ್ರನ್ನು ಮೇಲಕ್ಕೆಳೆದರು. ಮೈ ಒಣಗಿದರೆ ಸಾಯುತ್ತದೆ ಎಂದು ಕಾರ್ಯದರ್ಶಿ ತಕ್ಷಣ ಒದ್ದೆ ಬಟ್ಟೆ ಹೊದಿಸಿ, ಬಕೆಟ್ಟಿನಿಂದ ನೀರು ಸುರಿಯತೊಡಗಿದರು. ಮೇಷ್ಟ್ರು ಬಾಯಿ ತೆರೆದಾಗಲೆಲ್ಲ ಒಂದು ಬಕೆಟ್ಟು ಬಾಯೊಳಕ್ಕೇ ಹೋಗುತ್ತಿತ್ತು.

ಬಾಲದ ಕಡೆ ನಿಂತಿದ್ದ ಮಾವನವರಿಗೆ ಹರಿದ ಉಡುಗೆಯಿಂದ ಒಂದು ಹೆಬ್ಬೆರಳು ಕಾಣಿಸಿತು. ಅವರು ಇನ್ನೊಂದು ತುದಿಗೆ ನಡೆದು, ಮೇಲಿನ ಬರ್ತಿನಲ್ಲಿ ನಿದ್ದೆಯ ನಾಟಕ ಆಡುವವನ ಹೊದಿಕೆ ಎಳೆಯುವ ಹಾಗೆ ಬಟ್ಟೆ ಎಳೆದರು.

“ಇದು ನಮ್ಮ ಅಳಿಯ,” ಎಂದರು.

ಇಂಥ ದೃಶ್ಯ ಬಾಳಿನಲ್ಲಿ ಒಮ್ಮೆ ಮಾತ್ರ ಸಿಗುತ್ತದೆ ಎಂದು ಧ್ವನಿವರ್ಧಕದಿಂದ ಮೇಷ್ಟ್ರೇ ಹೇಳುತ್ತಿದ್ದರು.

ಆಮೇಲೆ ಬಿದ್ದ ಬೈಗುಳಕ್ಕೆ ಲೆಕ್ಕವಿಲ್ಲ. ಕಾರ್ಯದರ್ಶಿಗೆ ಎಲ್ಲರಿಗಿಂತ ಹೆಚ್ಚು ಸಿಟ್ಟು. ಬದುಕಿಸಿದ ಪ್ರಾಣಿ ಮನುಷ್ಯನಾಗಿದ್ದು ಅವರಿಗೆ ಸಹಿಸಲಾಗಲಿಲ್ಲ. ಮೇಷ್ಟ್ರು ತಲೆತಗ್ಗಿಸಿ ದೋಣಿಯ ಅಂಚಿನಲ್ಲಿ ಕೂತರು. ಹಾಗೆ ಕೂತಿದ್ದವರ ಕಣ್ಣೆದುರು ನೀರು ಸೀಳಿತು. ಬೂದು ಬಣ್ಣದ ನುಣುಪು ಬೆನ್ನೊಂದು ಎದ್ದು ಬಾಗಿ ಮುಳುಗಿತು. ಅದರ ಪಕ್ಕದಲ್ಲಿ ಇನ್ನೊಂದು. ಎರಡೂ ನೀರಿನಿಂದ ಪೂರ್ತಿ ಹಾರಿ, ಬಿಸಿಲಿಗೆ ಹೊಳೆದು, ಮತ್ತೆ ಬಿದ್ದವು. ಮೇಷ್ಟ್ರು ಎದ್ದು ನಿಂತರು. ಪುಸ್ತಕದ ಚಿತ್ರದಲ್ಲಿ ನೋಡಿ ಬೆಳೆದಿದ್ದ ಜೀವ ಕೈಯಳತೆಯಲ್ಲಿತ್ತು.

“ನೋಡಿ, ಅಲ್ಲಿ ನೋಡಿ. ನಿಜವಾದದ್ದು,” ಎಂದರು.

ಕೆಲವರು ತಿರುಗಿ ನೋಡಿ ನಕ್ಕರು. ಕಾರ್ಯದರ್ಶಿ ಮುಖ ತಿರುಗಿಸಿ ಕೂತರು. ಮೇಷ್ಟ್ರು ಅವುಗಳ ಉಸಿರಾಟ, ಜೊತೆಗಾರಿಕೆ, ಭಾಷೆ ಎಲ್ಲವನ್ನೂ ಹೇಳತೊಡಗಿದರು. ಅಷ್ಟು ಚೆನ್ನಾಗಿ ಅವರು ಯಾವತ್ತೂ ಪಾಠ ಮಾಡಿರಲಿಲ್ಲ. ಒಬ್ಬರೂ ಕೇಳಲಿಲ್ಲ. ಮಾವನವರು ಮಾತ್ರ ಆ ಎರಡನ್ನೂ ದಿಟ್ಟಿಸಿ ನೋಡಿ ನಿಟ್ಟುಸಿರು ಬಿಟ್ಟರು.

“ಪಾಪ, ಅವರು ಯಾರ ಮನೆ ಅಳಿಯಂದಿರೋ,” ಎಂದರು.

ಕಟ್ಟೆಯ ಮೇಲೆ ಮಾಲೀಕ ದುರ್ಬೀನು ಹಿಡಿದು ಕಾಯುತ್ತಿದ್ದ. ಜನ ಉಗಿದು ಹೋಗುವವರೆಗೂ ಸುಮ್ಮನಿದ್ದು, ಆಮೇಲೆ ಮೇಷ್ಟ್ರನ್ನು ಪಕ್ಕಕ್ಕೆ ಕರೆದ.

“ಆ ಇಬ್ಬರನ್ನ ಎಲ್ಲಿಂದ ಕರ್ಕೊಂಡು ಬಂದೆ?”

“ಅವು ನಿಜವಾದ ಡಾಲ್ಫಿನ್, ಸಾರ್.”

“ನಾನೂ ಅದನ್ನೇ ಹೇಳ್ತಿರೋದು. ನಿಜವಾದ್ದರ ಹಾಗೇ ಇದ್ರು,” ಎಂದ ಮಾಲೀಕ ಅವರ ಹೆಗಲ ಮೇಲೆ ಕೈಯಿಟ್ಟು. “ನಾಳೆಯಿಂದ ಅವರಿಬ್ಬರೇ ಬರ್ಲಿ. ನೀನು ಬೇಡ.”