ಮತ್ತು ಇತರರು

ಮನುಷ್ಯನಿಗೆ ತನ್ನ ಕೊರತೆ ಗೊತ್ತಾಗುವುದೇ ತಡವಾಗಿ. ಆ ಕೊರತೆಗೆ ಪರದೇಶದಲ್ಲಿ ಒಂದು ಘನವಾದ ಹೆಸರಿದೆ, ಅದನ್ನು ಕ್ಯಾಸೆಟ್ ಮಾಡಿ ಮಾರುತ್ತಾರೆ ಎಂದು ಗೊತ್ತಾಗುವುದು ಇನ್ನೂ ತಡವಾಗಿ. ನನ್ನ ಕೊರತೆ ನಿಧಾನ. ಬೆಟಗೇರಿಯ ಒಂದು ಹೈಸ್ಕೂಲಿನಲ್ಲಿ ನಾನು ಚಿತ್ರಕಲಾ ಮಾಸ್ತರನಾಗಿದ್ದೆ. ನಾನು ಹಲಗೆಯ ಮೇಲೆ ಒಂದು ಮಾವಿನಕಾಯಿ ಬರೆದು ಮುಗಿಸುವಷ್ಟರಲ್ಲಿ ಮೇಜಿನ ಮೇಲಿಟ್ಟ ಮಾವಿನಕಾಯಿ ಹಣ್ಣಾಗುತ್ತದೆ ಎಂದು ಹೆಡ್‌ಮಾಸ್ತರರು ಎಲ್ಲರ ಎದುರೇ ಹೇಳಿದ್ದರು. ಕೀಬೋರ್ಡ್ ನುಡಿಸುವಾಗಲೂ ಹಾಗೆಯೇ. ಎಡಗೈ ಒಂದು ಸ್ವರ ಒತ್ತಿದ ಸುದ್ದಿ ಬಲಗೈಗೆ ಅಂಚೆಯಲ್ಲಿ ಹೋಗಿ ಮುಟ್ಟಬೇಕು.

ದೇವರು ಒಬ್ಬ ನಿಧಾನಸ್ಥನನ್ನು ಹುಟ್ಟಿಸಿದರೆ ಅವನಿಗೆ ಜೊತೆಯಾಗಿ ಇನ್ನಿಬ್ಬರನ್ನು ಹುಟ್ಟಿಸಿರುತ್ತಾನೆ. ತಬಲಾ ಬಾರಿಸುವ ಹಸನಸಾಬ ಬೆಟಗೇರಿಯಲ್ಲಿ ಗಾದಿ ಅಂಗಡಿ ಇಟ್ಟಿದ್ದ. ಹತ್ತಿಯ ಜೊತೆ ಬೆಳೆದ ಮನುಷ್ಯ, ಮಾತೂ ಕೈಯೂ ಹತ್ತಿಯಷ್ಟೇ ಮೆತ್ತಗೆ. ಪಿಟೀಲು ನುಡಿಸುವ ಗಂಗಾಧರ ಸರಕಾರಿ ಕಚೇರಿಯೊಂದರಲ್ಲಿ ಖರೀದಿ ಪತ್ರಗಳಿಗೆ ಶಿಕ್ಕಾ ಹೊಡೆಯುವ ಕೆಲಸದಲ್ಲಿದ್ದ. ಅವನ ಕೈಯಲ್ಲಿನ ಶಿಕ್ಕಾ ಕಾಗದಕ್ಕೆ ಮುಟ್ಟುವುದರೊಳಗೆ ಹೊಲ ಮಾರಲು ಬಂದವರು ಮನಸ್ಸು ಬದಲಿಸಿ ಊರಿಗೆ ಹೋಗಿಬಿಡುತ್ತಿದ್ದರಂತೆ. ನಾವು ಮೂವರೂ ಸೇರಿ ಕಟ್ಟಿದ ಮೇಳಕ್ಕೆ ‘ಸಾವಕಾಶ’ ಎಂದು ಹೆಸರಿಟ್ಟಿದ್ದೆವು. ಹೆಸರು ಕೇಳಿ ಎಚ್ಚೆತ್ತುಕೊಳ್ಳುವ ಅವಕಾಶ ಜನರಿಗೆ ಇತ್ತು. ಆದರೂ ಕರೆಸುತ್ತಿದ್ದರು. ಅಸುಂಡಿಯ ಒಂದು ಮದುವೆಯಲ್ಲಿ ಹೆಣ್ಣಿನ ತಂದೆ ನನ್ನ ಕಿವಿಯ ಹತ್ತಿರ ಬಾಗಿ, “ಸ್ವಲ್ಪ ಜಲ್ದಿ ಬಾರಸ್ರಿ ಸರ, ನಿಮ್ಮ ಹಾಡ ಕೇಳಿ ಭಟ್ರಿಗೂ ಆಕಳಿಕಿ ಬರಾಕತ್ತಾವು” ಎಂದಿದ್ದರು. ನಮಗಿದ್ದ ಒಬ್ಬನೇ ಗಾಯಕ ಅಂದೇ ಕೈಬಿಟ್ಟ. “ಒಂದ ಸಾಲಿಗೆ ನಾಕ ಸಲ ಉಸರ ತಗೋಬೇಕಾಗತೈತ್ರಿ. ನನಗ ಮೊದಲ ದಮ್ಮಿನ ತ್ರಾಸು” ಎಂದು ಕೈ ಮುಗಿದು ಹೋದ.

ಬೆಟಗೇರಿಯ ಜೋಡಿ ಊರು ಗದಗ ಜಿಲ್ಲೆಯಾಗಿ ಇನ್ನೂ ಬಣ್ಣ ಆರಿರದ ಕಾಲವದು. ನಿನ್ನೆಯವರೆಗೆ ಬರೀ ಕ್ಷೌರದಂಗಡಿಯಾಗಿದ್ದದ್ದು ಬೆಳಗಾಗುವುದರೊಳಗೆ ಜಿಲ್ಲಾ ಕ್ಷೌರದಂಗಡಿಯಾಗಿತ್ತು. ನಮ್ಮ ಓಣಿಯ ಮಿರ್ಚಿ ಗಾಡಿಯವನೂ ಹಲಗೆಯ ಮೇಲೆ ‘ಜಿಲ್ಲಾ’ ಎಂದು ಬರೆಸಲು ನನ್ನ ಹತ್ತಿರವೇ ಬಂದಿದ್ದ. ಹೀಗಾಗಿ ಒಂದು ದಿನವೂ ಹೆಚ್ಚಿಗೆ ತಾಲೀಮು ಮಾಡದೆ ನಾವು ತಾಲೂಕು ಮಟ್ಟದಿಂದ ಜಿಲ್ಲಾ ಮಟ್ಟಕ್ಕೆ ಏರಿದ್ದೆವು. ಆದರೆ ಹಾಡುವವರೇ ಇಲ್ಲದ ಜಿಲ್ಲಾ ಮೇಳ.

ಆಗ ಪುಣೆಯಿಂದ ಬಂದ ಗಂಗಾಧರನ ಸೋದರಮಾವನ ಮಗ ಒಂದು ಪರದೇಶಿ ಕ್ಯಾಸೆಟ್ ಕೊಟ್ಟು ಹೋದ. ಗಾದಿ ಅಂಗಡಿಯಲ್ಲಿ ಕೂತು ಕೇಳಿದೆವು. ಹಾಡುಗಳೆಲ್ಲ ಊಟವಾದ ಮೇಲೆ ಎಮ್ಮೆ ಮೆಲುಕು ಹಾಕಿದ ಹಾಗೆ ಸಾವಕಾಶ. ಅದಕ್ಕಿಂತ ಬೆರಗಿನ ಸಂಗತಿಯೆಂದರೆ ಆ ಮೇಳಕ್ಕೂ ತನ್ನದೆಂಬ ಗಾಯಕನಿರಲಿಲ್ಲ. ಒಂದೊಂದು ಹಾಡಿಗೆ ಒಬ್ಬೊಬ್ಬರನ್ನು ಅತಿಥಿಯಾಗಿ ಕರೆದು ಹಾಡಿಸಿದ್ದರು. “ಇದಕ್ಕ ಡೌನ್‌ಟೆಂಪೊ ಅಂತಾರಂತ” ಎಂದ ಗಂಗಾಧರ. ಹಸನಸಾಬ ಸ್ವಲ್ಪ ಹೊತ್ತು ಯೋಚಿಸಿ, “ನಮ್ಮ ಗಾದಿ ಒಯ್ಯೋ ಟೆಂಪೋನೂ ಹಂಗ ಐತ್ರಿ. ಏರಿನ್ಯಾಗೂ ಡೌನ್, ಇಳಿಜಾರಿನ್ಯಾಗೂ ಡೌನ್” ಎಂದ. ನನಗೆ ಮಾತ್ರ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷ ನಾವು ತಪ್ಪು ಮಾಡುತ್ತಿರಲಿಲ್ಲ, ಒಂದು ಪ್ರಕಾರದ ಸಂಗೀತ ನುಡಿಸುತ್ತಿದ್ದೆವು! ನಾವೂ ಒಂದು ಕ್ಯಾಸೆಟ್ ಮಾಡುವುದು, ಹೊಸ ಜಿಲ್ಲೆಯ ಊರೂರಿನಿಂದ ಅತಿಥಿ ಗಾಯಕರನ್ನು ಕರೆಸುವುದು ಎಂದು ಅಲ್ಲೇ ತೀರ್ಮಾನವಾಯಿತು. ಮನೆಗೆ ಹೋಗಿ ಹೆಂಡತಿ ಸುಶೀಲಾಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತ, “ಅತಿಥಿಗೋಳು ಹಾಡ್ತಾರ, ಖರೆ. ಅವ್ರಿಗೆ ಚಾ ಯಾರು ಮಾಡ್ತಾರ?” ಎಂದು ಮುಖ್ಯವಾದ ಪ್ರಶ್ನೆ ಕೇಳಿದಳು.

ಶುಕ್ರವಾರ ಅಂಗಡಿಗೆ ಸೂಟಿ. ನಾಲ್ಕೂ ಗೋಡೆಗೆ ಗಾದಿ ಆನಿಸಿದರೆ ಹೊರಗಿನ ಸಪ್ಪಳ ಒಳಗೆ ಬರುತ್ತಿರಲಿಲ್ಲ. ಧ್ವನಿಮುದ್ರಣಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಮೊದಲ ಅತಿಥಿ ಲಕ್ಷ್ಮೇಶ್ವರದ ಖಾದರಸಾಬರು. ಮೊಹರಮ್ಮಿನಲ್ಲಿ ಅವರು ಪದ ಎತ್ತಿದರೆ ಓಣಿಯೆಲ್ಲ ಕಿವಿಯಾಗುತ್ತಿತ್ತು. ಆದರೆ ಅವರ ದಂಧೆ ಪೇಟೆಯಲ್ಲಿ ಮೆಣಸಿನಕಾಯಿ ಹರಾಜಿನ ಸವಾಲು ಕೂಗುವುದು. ನಾವು ಒಂದು ಸಾಲು ನುಡಿಸುವುದರೊಳಗೆ ಅವರು ಎರಡು ನುಡಿ ಹಾಡಿ ಮುಗಿಸಿ, ನಾವು ಬರುವ ದಾರಿ ನೋಡುತ್ತ ಕೂತಿರುತ್ತಿದ್ದರು. “ಸಾವಕಾಶ ಹಾಡ್ರಿ ಚಾಚಾ” ಎಂದು ಹಸನಸಾಬ ಬೇಡಿಕೊಂಡ. “ಸಾವಕಾಶ ಕೂಗಿದ್ರ ಮಾಲ ಯಾವ ತಗೋತಾನಪಾ?” ಎಂದರು ಅವರು. ಅಂತೂ ನಾಲ್ಕನೆಯ ಸಲಕ್ಕೆ ಹಾಡು ಹದಕ್ಕೆ ಬಂತು. ಕೊನೆಯ ಸ್ವರ ಎಳೆದು ನಿಲ್ಲಿಸಿದವರೇ ಅಭ್ಯಾಸಬಲದಿಂದ, “ಒಂದ್ಸಲ, ಎರಡ್ಸಲ, ಮೂರ್ಸಲ!” ಎಂದುಬಿಟ್ಟರು. ಟೇಪಿನಲ್ಲಿ ಅದೂ ಉಳಿಯಿತು. ಕತ್ತರಿಸುವ ವಿದ್ಯೆ ನಮಗೆ ಬರುತ್ತಿರಲಿಲ್ಲ.

ಎರಡನೆಯವರು ಡಂಬಳದ ಶಿವಲಿಂಗಪ್ಪ ಮಾಸ್ತರು, ನಿವೃತ್ತರು, ಭಜನೆಯಲ್ಲಿ ದೊಡ್ಡ ಹೆಸರು. ಇವರದು ಬೇರೆಯೇ ಸಂಕಟ. ಊಟ ಮಾಡಿ ಆಲಾಪ ಶುರುಮಾಡಿದರು. ಟೇಪಿನ ಒಂದು ಬದಿ ಖಟ್ ಎಂದು ಮುಗಿದರೂ ಪದದ ಮೊದಲ ಅಕ್ಷರ ಬಂದಿರಲಿಲ್ಲ. ಹಸನಸಾಬ ಹಿಂದಿನ ಗಾದಿಗೆ ಒರಗಿದವನು ಒರಗಿದಲ್ಲೇ ಗೊರಕೆ ಹೊಡೆಯುತ್ತಿದ್ದ. ನಾನು ಮೆಲ್ಲಗೆ ಮಾಸ್ತರ ಮೊಣಕಾಲು ಮುಟ್ಟಿದೆ. ಕಣ್ಣು ತೆರೆದು, “ಸಾವಕಾಶ ಅಂತ ನೀವ ಹೇಳಿ ಕರಿಸೀರಿ. ನಿಮ್ಮ ಸಾವಕಾಶ ಇಷ್ಟಕ್ಕ ಮುಗೀತನು?” ಎಂದರು. ಜೀವನದಲ್ಲಿ ಮೊದಲ ಸಲ ನನ್ನನ್ನು ಒಬ್ಬರು ಅವಸರದವನೆಂದು ಬೈದರು. ಆ ಸಂತೋಷದಲ್ಲಿ ಟೇಪು ಮಗುಚಿ ಹಾಕಿದೆ.

ಶಿರಹಟ್ಟಿ ಕಡೆಯಿಂದ ಯಾರೂ ಸಿಗಲಿಲ್ಲ. ಗಂಗಾಧರ ಟೇಪ್‌ರೆಕಾರ್ಡರ್ ಹಿಡಿದು ಮಾಗಡಿ ಕೆರೆಗೆ ಹೋದ. ಚಳಿಗಾಲ, ಕೆರೆಯ ತುಂಬ ಪರದೇಶದ ಬಾತುಗಳು. “ಅತಿಥಿ ಗಾಯಕರಂದ್ರ ಇವ್ರ ನೋಡ್ರಿ. ಹಿಮಾಲಯ ದಾಟಿ ಬಂದಾರ, ಚಾ ಸುದ್ದಾ ಕೇಳಿಲ್ಲ” ಎನ್ನುತ್ತ ಮರಳಿದ. ಕೇಳಿದೆವು. ಹಕ್ಕಿಗಳ ಕಲರವ ಸೊಗಸಾಗಿಯೇ ಬಂದಿತ್ತು. ನಡುವೆ ಯಾರೋ, “ಶಿರಹಟ್ಟಿ ಬಸ್ಸು ಹೋತೇನ್ರಿ?” ಎಂದು ಕೇಳಿದ್ದು, ಗಂಗಾಧರ ಬಹಳ ಹೊತ್ತು ಯೋಚಿಸಿ “ಹೋತ್ರಿ” ಎಂದದ್ದು ಅಷ್ಟೇ ಸ್ಪಷ್ಟವಾಗಿ ಬಂದಿತ್ತು.

ಕೊನೆಗೆ ಶಾಂತವ್ವ. ನಮ್ಮ ಶಾಲೆಯ ಹಿಂದಿನ ಓಣಿಯಲ್ಲಿ ಅವಳ ಕೈಮಗ್ಗ. ಡ್ರಾಯಿಂಗ್ ತರಗತಿಯ ಕಿಟಕಿಯಲ್ಲಿ ನಿಂತರೆ ಮಗ್ಗದ ಸಪ್ಪಳದ ಜೊತೆ ಅವಳ ಹಾಡು ಕೇಳಿಸುತ್ತಿತ್ತು. ಕರೆದಾಗ ಹಿಂದೆ ಮುಂದೆ ನೋಡಿ, ಇಲಕಲ್ಲ ಸೀರೆ ಉಟ್ಟು ಬಂದಳು. ಗಾದಿಗಳ ನಡುವೆ ಕೂತಳು. ಬಾಯಿ ತೆರೆದಳು. ದನಿಯೇ ಬರಲಿಲ್ಲ. ನೀರು ಕೊಟ್ಟೆವು, ಬೆಲ್ಲ ಕೊಟ್ಟೆವು. ಅವಳ ಕಾಲುಗಳು ಮಾತ್ರ ನೆಲದ ಮೇಲೆ ಏನನ್ನೋ ತಡಕಾಡುತ್ತಿದ್ದವು. “ಕಾಲಿಗೆ ಕೆಲಸ ಇಲ್ಲಂದ್ರ ನನಗ ಹಾಡ ಬರೂದಿಲ್ರಿ ಮಾಸ್ತರ್ರ. ನೀವ ನಮ್ಮ ಮನೀಗೆ ಬರ್ರಿ” ಎಂದಳು. ಹೋದೆವು. ಅವಳು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು, ಲಾಳಿ ಎಸೆದು, ನಮ್ಮ ಕಡೆ ನೋಡದೆ ಶುರುಮಾಡಿದಳು.

“ಎಳಿ ಹರದರ ನಾನು ಕೂಡಿಸೇನ ನನ ತಂಗಿ
ಮಾತ ಹರದರ ಹ್ಯಾಂಗ ಕೂಡಿಸಲೇ”

ಖಟ್ ಖಟ್ ಎನ್ನುವ ಮಗ್ಗ, ಅದರ ಮೇಲೆ ಆ ದನಿ. ಹಸನಸಾಬ ತಬಲಾದ ಗವಸು ಬಿಚ್ಚಿರಲಿಲ್ಲ. ಬಿಚ್ಚಲೂ ಇಲ್ಲ. “ಇಲ್ಲಿ ನಮ್ಮದೇನ ಕೆಲಸ ಇಲ್ರಿ ಸರ” ಎಂದು ನನ್ನ ಕಿವಿಯಲ್ಲಿ ಹೇಳಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಈ ಸಲ ಗೊರಕೆ ಬರಲಿಲ್ಲ. ಒಂದೇ ಸಲಕ್ಕೆ ಹಾಡು ಮುಗಿಯಿತು. ನಾನು ಕೀಬೋರ್ಡಿನ ಒಂದು ಮನೆಯ ಮೇಲೆ ಬೆರಳಿಟ್ಟು ಕೂತಿದ್ದೆ, ಅಷ್ಟೆ. ಒತ್ತಿದೆನೋ ಇಲ್ಲವೋ ನನಗೇ ನೆನಪಿಲ್ಲ.

ಇನ್ನೂರು ಕ್ಯಾಸೆಟ್ಟು ಹುಬ್ಬಳ್ಳಿಯಲ್ಲಿ ಮಾಡಿಸಿಕೊಂಡು ಬಂದೆವು. ಡಬ್ಬಿಯೊಳಗಿನ ರಟ್ಟಿನ ಮೇಲೆ ಚಿತ್ರ, ಅಕ್ಷರ ಎಲ್ಲ ನನ್ನದೇ. ಮೇಲೆ ಒಂದು ತಂಬೂರಿ ಬರೆದೆ. ಅದರ ಪಕ್ಕದಲ್ಲಿ ಪರಿಕಲ್ಪನೆ, ಸಂಗೀತ, ನಿರ್ದೇಶನ, ಕೀಬೋರ್ಡ್, ಚಿತ್ರ ಎಂದು ಐದು ಸಾಲು; ಐದರ ಮುಂದೆಯೂ ನನ್ನ ಹೆಸರು. ಜೊತೆಗಾರರಿಬ್ಬರಿಗೆ ಒಂದೊಂದು ಸಾಲು. ಗಾಯಕರ ಹೆಸರಿಗೆ ಬರುವ ಹೊತ್ತಿಗೆ ಕೆಳಗೆ ಬೆರಳಗಲ ಜಾಗ ಉಳಿದಿತ್ತು. ಅಲ್ಲಿ ಬರೆದೆ: ‘ಗಾಯನ: ಖಾದರಸಾಬ ಲಕ್ಷ್ಮೇಶ್ವರ, ಶಿವಲಿಂಗಪ್ಪ ಮಾಸ್ತರ ಡಂಬಳ, ಮಾಗಡಿ ಕೆರೆಯ ಹಕ್ಕಿಗಳು ಮತ್ತು ಇತರರು.’ ಜಾಗ ಸಾಲಲಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಖಾದರಸಾಬರ ಹೆಸರು ಬಿಟ್ಟರೆ ಅವರು ಪೇಟೆಯಲ್ಲಿ ನನ್ನನ್ನೇ ಸವಾಲಿಗೆ ಹಚ್ಚುತ್ತಿದ್ದರು. ಮಾಸ್ತರ ಹೆಸರು ಬಿಟ್ಟರೆ ಅವರು ಮನೆಗೆ ಬಂದು ಆಲಾಪದಲ್ಲಿ ಬೈಯುತ್ತಿದ್ದರು. ಹಕ್ಕಿಗಳ ಹೆಸರು ಓದುವವರಿಗೆ ಮಜಾ ಕೊಡುತ್ತಿತ್ತು. ಶಾಂತವ್ವ ಕೇಳಲು ಬರುವವಳಲ್ಲ ಎಂದುಕೊಂಡಿದ್ದೆ.

ಒಂದು ರವಿವಾರ ಮಧ್ಯಾಹ್ನ ಬಂದಳು. ನಾನು ಊಟ ಮಾಡಿ ಎಲೆ ಅಡಿಕೆ ಹಾಕಿಕೊಂಡಿದ್ದೆ. ಸೆರಗಿನ ಗಂಟಿನಿಂದ ಕ್ಯಾಸೆಟ್ಟು ತೆಗೆದು ರಟ್ಟು ಬಿಚ್ಚಿ ನನ್ನ ಮುಂದೆ ಹಿಡಿದಳು. ಓಣಿಯಲ್ಲಿ ನಡೆದ ಅಕ್ಷರ ಕಲಿಕೆಯ ತರಗತಿಯಲ್ಲಿ ಅವಳು ಓದು ಕಲಿತಿದ್ದು ನನಗೆ ಗೊತ್ತಿರಲಿಲ್ಲ. “ಎರಡ ದಿನದಿಂದ ಓದಾಕತ್ತೇನ್ರಿ ಮಾಸ್ತರ್ರ. ಇದರಾಗ ನಾ ಎಲ್ಲಿ ಅದೀನಿ?” ಎಂದಳು. ಸಿಟ್ಟಿರಲಿಲ್ಲ, ತನಗೇ ಓದಲು ಬರುತ್ತಿಲ್ಲವೇನೋ ಎಂಬ ಅನುಮಾನವಿತ್ತು. ನಾನು ಬಾಯಲ್ಲಿದ್ದದ್ದನ್ನು ನುಂಗಿ, ಕೊನೆಯ ಶಬ್ದದ ಮೇಲೆ ಬೆರಳಿಟ್ಟೆ. ಅವಳು ಬೆರಳು ಸರಿಸಿ ಸಾವಕಾಶವಾಗಿ ಓದಿದಳು. “ಇ... ತ... ರ... ರು.”

“ಇತರರು ಅಂದ್ರ ನೀವರಿ ಶಾಂತವ್ವ” ಎಂದೆ.

“ನನ್ನ ಹೆಸರು ಇತರರು ಅಲ್ರಿ.” ಬೆರಳನ್ನು ಹಿಂದಿನ ಶಬ್ದಕ್ಕೆ ಸರಿಸಿದಳು. “ಹಕ್ಕಿ ಹೆಸರ ಐತಿ. ಇರಲಿ, ಅವೂ ಹಾಡ್ಯಾವು. ನಾವು ನೇದ ಸೀರಿ ಮ್ಯಾಲ ಅಂಗಡಿಯವ್ರ ಹೆಸರ ಇರತೈತ್ರಿ, ನಮ್ಮದು ಎಂದೂ ಬಂದಿಲ್ಲ. ಹಾಡಿನ ಮ್ಯಾಲರ ಬಂದೀತು ಅಂತ ಮಾಡಿದ್ದೆ.”

ಒಳಗಿನಿಂದ ಚಹಾ ತಂದ ಸುಶೀಲಾ ರಟ್ಟನ್ನು ಕೈಗೆ ತೆಗೆದುಕೊಂಡು ಮೇಲಿನಿಂದ ಕೆಳಗೆ ಓದಿದಳು. “ನಿಮ್ಮ ಹೆಸರ ಐದ ಕಡೆ ಐತಲ್ರಿ. ನೀವು ಐದ ಮಂದಿ ಅದೀರೇನು?” ಎಂದು ಕೇಳಿ, ಚಹಾವನ್ನು ಶಾಂತವ್ವನಿಗೆ ಮಾತ್ರ ಕೊಟ್ಟು ಒಳಗೆ ಹೋದಳು.

ಅಂದೇ ಗಾದಿ ಅಂಗಡಿಗೆ ಓಡಿದೆ. ನಾನು ಓಡಿದ್ದನ್ನು ನೋಡಿ ಹಸನಸಾಬ ಯಾರೋ ಸತ್ತರೆಂದು ತಿಳಿದು ಎದ್ದು ನಿಂತ. ವಿಷಯ ಹೇಳಿದೆ. ಪುಣ್ಯಕ್ಕೆ ಎಲ್ಲೋ ನಾಲ್ಕು ಕ್ಯಾಸೆಟ್ಟು ಬಿಟ್ಟರೆ ಒಂದೂ ಹೊರಗೆ ಹೋಗಿರಲಿಲ್ಲ. ನಮ್ಮ ಸಂಗೀತದ ಖ್ಯಾತಿ ಹಾಗಿತ್ತು. ಅವನು ರಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. “ಕೆಳಗ ಜಾಗ ಇಲ್ರಿ ಸರ. ಹಿಂದ ಹಾಡಿನ ಪಟ್ಟಿ ಐತಿ. ಜಾಗ ಇರೂದು ಒಂದ ಕಡೆ.” ಅವನ ಬೆರಳು ನನ್ನ ಐದು ಹೆಸರುಗಳ ಮೇಲಿತ್ತು. “ಒಂದ ಹೆಸರರ ಉಳಿಸಬಹುದಲ್ಲೋ?” ಎಂದೆ. “ಉಳಸ್ರಿ. ಆದ್ರ ಶಾಂತವ್ವನ ಹೆಸರು ಹಕ್ಕಿಕಿಂತ ಸಣ್ಣದಾಗತೈತಿ” ಎಂದ, ಹತ್ತಿಯಷ್ಟೇ ಮೆತ್ತಗೆ.

ಶಾಲೆಯಿಂದ ಬಿಳಿ ಹಾಳೆ ತಂದು ಪಟ್ಟಿ ಕತ್ತರಿಸಿದೆ. ಹಸನಸಾಬ ಮೈದಾ ಅಂಟು ಕಾಯಿಸಿದ. ಗಂಗಾಧರ ಅಂಟಿಸಲು ಕೂತ. ಅವನು ಒಂದು ಅಂಟಿಸುವುದರೊಳಗೆ ಅಂಟು ಆರುತ್ತದೆಂದು ಅವನನ್ನು ಎಣಿಸುವ ಕೆಲಸಕ್ಕೆ ಹಾಕಿದೆವು. ಪ್ರತಿಯೊಂದು ಪಟ್ಟಿಯ ಮೇಲೂ ನಾನು ಕೈಯಾರೆ, ‘ಮಗ್ಗದ ಹಾಡು: ಶಾಂತವ್ವ, ಬೆಟಗೇರಿ’ ಎಂದು ಬರೆದೆ. ಶಾಂತವ್ವ ಎದುರಿಗೇ ಕೂತು ಒಂದೊಂದನ್ನೂ ಓದಿ ಪಾಸು ಮಾಡಿದಳು. ಎಷ್ಟು ಹುಡುಗರಿಗೆ ನೂರು ಸಲ ಬರೆಯುವ ಶಿಕ್ಷೆ ಕೊಟ್ಟವನು ನಾನು! ಅರವತ್ತನೆಯದಕ್ಕೆ ಕೈ ಸೋತು ಅಕ್ಷರ ಕೆಟ್ಟಿತು. “ಮಾಸ್ತರ್ರ, ಈ ವ-ದ ಕೆಳಗಿನ ಒತ್ತು ಸೊಟ್ಟ ಆಗೈತ್ರಿ. ಇನ್ನೊಮ್ಮಿ ಬರೀರಿ” ಎಂದಳು. ಬರೆದೆ. ಮುಗಿಯಲು ಮೂರು ರವಿವಾರ ಹಿಡಿಯಿತು. ಮೂರನೆಯ ರವಿವಾರ ಅವಳು ಮನೆಯಿಂದ ಶೇಂಗಾ ಹೋಳಿಗೆ ತಂದಿದ್ದಳು. ನನ್ನ ತಟ್ಟೆಗೂ ಎರಡು ಹಾಕಿದಳು. ಅದರ ರುಚಿ ಇನ್ನೂ ನಾಲಿಗೆಯ ಮೇಲಿದೆ.

ಆಮೇಲೆ ಕ್ಯಾಸೆಟ್ಟು ನಾವೆಣಿಸಿದ್ದಕ್ಕಿಂತ ಚೆನ್ನಾಗಿ ಓಡಿತು. ಬೆಟಗೇರಿಯ ನೇಕಾರರ ಓಣಿಗಳಲ್ಲಿ ಮಗ್ಗದ ಪಕ್ಕದಲ್ಲೇ ಟೇಪು ಇಟ್ಟುಕೊಂಡು ಕೇಳುತ್ತಿದ್ದರು. ಅಂಗಡಿಗೆ ಬಂದವರು ‘ಸಾವಕಾಶ ಕೊಡ್ರಿ’ ಎಂದು ಕೇಳಿದ್ದು ನನ್ನ ಕಿವಿಗೆ ಒಮ್ಮೆಯೂ ಬೀಳಲಿಲ್ಲ. ‘ಶಾಂತವ್ವನ ಕ್ಯಾಸೆಟ್ಟು’ ಎಂದೇ ಕೇಳುತ್ತಿದ್ದರು.

ಕಳೆದ ವರ್ಷ ಸುಶೀಲಾಳ ಅಣ್ಣ ಮುಂಡರಗಿಯಿಂದ ಬಂದಾಗ ಕ್ಯಾಸೆಟ್ಟು ತೆಗೆದು ತೋರಿಸಿದೆ. ಅವರು ಕನ್ನಡಕ ಏರಿಸಿ ರಟ್ಟನ್ನೆಲ್ಲ ಓದಿ, “ಛಲೋ ಐತ್ರಿ. ಇದರಾಗ ನಿಮ್ಮದೇನೈತಿ?” ಎಂದರು. ಅವರನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ರಟ್ಟನ್ನು ಬಿಸಿಲಿಗೆ ಎತ್ತಿ ಹಿಡಿದೆ. ಬಿಸಿಲು ಚೆನ್ನಾಗಿದ್ದರೆ ಬಿಳಿಯ ಪಟ್ಟಿಯ ಅಡಿಯಲ್ಲಿ ಮಸುಕಾಗಿ ನನ್ನ ಹೆಸರು ಕಾಣುತ್ತದೆ, ಐದು ಸಲ. ಅವರು ಒಂದು ಕಣ್ಣು ಮುಚ್ಚಿ, ಕತ್ತು ಆ ಕಡೆ ಈ ಕಡೆ ಮಾಡಿ ನೋಡಿದರು. “ಶಾಂತವ್ವ ಅಂತನ ಕಾಣತೈತಿ” ಎಂದರು.

“ಇನ್ನೊಂದೀಟು ಮ್ಯಾಲ ನೋಡ್ರಿ” ಎಂದು ನಾನು ಹೇಳುತ್ತಿದ್ದಂತೆ ಸುಶೀಲಾ ಬಾಗಿಲಲ್ಲಿ ಬಂದು ನಿಂತಳು. ನನ್ನ ಇನ್ನೊಂದು ಕೈಯಲ್ಲಿದ್ದ ಕ್ಯಾಸೆಟ್ಟನ್ನು ಕಸಿದುಕೊಂಡು ಸೆರಗಿನಲ್ಲಿ ಮರೆಮಾಡಿ, “ಬಿಸಲಾಗ ಹಿಡದು ನಿಂದರಬ್ಯಾಡ್ರಿ. ನಿಮ್ಮ ಹೆಸರ ಕಾಣೂದ್ರಾಗ ಆಕಿ ಹಾಡ ಕೆಟ್ಟೀತು” ಎಂದಳು.