ಸುಳಿ ನೋಡಿ ತಂದ ನಾಯಿ

ಸಾಂಗಲಿಯ ತಂಗಿಯ ಮನೆಯಲ್ಲಿ ಬಿಳಿ ನಾಯಿಯೊಂದು ಮುಂಗಾಲೆತ್ತಿ ರುಕ್ಮವ್ವನ ಕೈಕುಲುಕಿದ್ದೇ ಎಲ್ಲದಕ್ಕೂ ಮೂಲ. ಹಿಂಜಿದ ಅರಳೆಯ ಉಂಡೆಯಂತಿದ್ದ ಆ ನಾಯಿ ಸೋಫಾದ ಮೇಲೆ ಕೂತು ಟಿ.ವಿ. ನೋಡುತ್ತಿತ್ತು. ಊರಿಗೆ ಮರಳಿದ ರುಕ್ಮವ್ವ ತನ್ನ ಬಾಗಿಲಲ್ಲಿ ಹಳೆಯ ಚಪ್ಪಲಿ ಕಡಿಯುತ್ತ ಬಿದ್ದಿದ್ದ ಕರಿ ನಾಯಿಯನ್ನು ನೋಡಿ ಮುಖ ತಿರುಗಿಸಿದಳು. ಎಂಟು ದಿನದಲ್ಲಿ ಅವಳ ಹಟಕ್ಕೆ, ಸಂತೆಯಲ್ಲಿ ಯಾರೋ ಬುಟ್ಟಿಯಲ್ಲಿಟ್ಟು ಮಾರುತ್ತಿದ್ದ ಬಿಳಿ ಮರಿಯೊಂದು ಮನೆಗೆ ಬಂತು. ನಾಲ್ಕನೆಯ ದಿನ ಸತ್ತಿತು. ರುಕ್ಮವ್ವ ಊಟ ಬಿಟ್ಟಳು.

ಅವಳ ಗಂಡ ಮುರಗೆಪ್ಪ ಕಬ್ಬೂರ ಕಡೆಯ ಆ ಊರಿನ ಹಾಲಿನ ಸಂಘಕ್ಕೆ ಚೇರಮನ್ನ. ಹೆಂಡತಿಯ ಉಪವಾಸ ಮೂರನೆಯ ದಿನಕ್ಕೆ ಬಿದ್ದಾಗ ಅವನು ಸಂಘದಲ್ಲಿ ಹಾಲು ಅಳೆಯುವ ಶ್ರೀಪಾಲನನ್ನು ಕರೆಸಿದ. ಶ್ರೀಪಾಲ ಒಂಬತ್ತು ವರ್ಷದಿಂದ ಹಂಗಾಮಿ ನೌಕರ. ಕಾಯಂ ಆದ ದಿನ ಪೇಡೆ ಹಂಚುತ್ತೇನೆಂದು ಅವನ ಹೆಂಡತಿ ಸುಗಂಧಾ ಐದು ವರ್ಷದ ಹಿಂದೆಯೇ ಓಣಿಗೆಲ್ಲ ಮಾತು ಕೊಟ್ಟಿದ್ದಳು. ಓಣಿಯವರು ಅದನ್ನು ಮರೆತಿರಲಿಲ್ಲ. ನೀರಿಗೆ ಹೋದಲ್ಲೆಲ್ಲ ಕೇಳುತ್ತಿದ್ದರು.

"ನಾಳೆ ಮೀಟಿಂಗ ಐತಿ. ನಿನ್ನ ಕಾಯಂ ಮಾಡೂ ವಿಷಯ ತಗೊಂಡೀನಿ," ಅಂದ ಮುರಗೆಪ್ಪ. "ಇವತ್ತ ಸಂಜಿ ಒಳಗ ಒಂದ ಸಣ್ಣ ಜಾತಿ ನಾಯಿ ತಗೊಂಡ ಬಾ. ಗಟ್ಟಿಮುಟ್ಟ ಇರಬೇಕು. ಅದೂ ಸತ್ತರ ನಿನ್ನ ವಿಷಯಾನೂ ಅದರ ಜೋಡಿ ಹುಗದ ಬಿಡತೀನಿ."

ಶ್ರೀಪಾಲ ತಲೆಯ ಮೇಲಿನ ಗಾಂಧಿ ಟೊಪಿಗೆಯನ್ನು ಸರಿಮಾಡಿಕೊಂಡ. ಮೊದಲ ಟೊಪಿಗೆ ಅವನಿಗೆ ಮದುವೆಯಲ್ಲಿ ಮಾವ ಹಾಕಿದ್ದು. ಅಂದಿನಿಂದ ಟೊಪಿಗೆಗಳು ಬದಲಾಗಿದ್ದವೇ ಹೊರತು ಬರಿದಲೆಯಲ್ಲಿ ಅವನನ್ನು ಕಂಡವರು ಊರಲ್ಲಿ ಕಡಿಮೆ.

ಅವನು ನೇರವಾಗಿ ದನದ ಡಾಕ್ಟರರ ಹತ್ತಿರ ಹೋದ. ಅವರು ಒಂದು ಚೀಟಿ ಬರೆದುಕೊಟ್ಟರು. ಕಣ್ಣು ಹೊಳೆಯಬೇಕು, ಪಿಸುರು ಇರಬಾರದು. ಕಿವಿ ವಾಸನೆ ಬರಬಾರದು. ಚಪ್ಪಾಳೆ ತಟ್ಟಿದರೆ ಓಡಿ ಬರಬೇಕು. ತಾಯಿಯನ್ನು ನೋಡದೆ ಮರಿ ತರಬಾರದು. ಮೂಲೆಯಲ್ಲಿ ಸುಮ್ಮನೆ ಕೂತದ್ದನ್ನು ಮುಟ್ಟಲೇಬಾರದು. ನಿಪ್ಪಾಣಿಯಲ್ಲಿ ಕಾಶಿಬಾಯಿ ಎಂಬ ನಿವೃತ್ತ ನರ್ಸಬಾಯಿ ಇಂಥ ನಾಯಿ ಸಾಕುತ್ತಾರೆಂದು ವಿಳಾಸವನ್ನೂ ಕೊಟ್ಟರು.

ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿಗೆ ಬಂದರೆ ಅಲ್ಲಿ ಲಗಮಣ್ಣ ಹೊಸ ಟಾವೆಲು ಹೆಗಲಿಗೆ ಹಾಕಿಕೊಂಡು ನಿಂತಿದ್ದ.

"ನಾಯಿ ತರಾಕ ಹೊಂಟೀಯಂತ? ಒಬ್ಬನ ಹೋಗ್ತಿಯೇನ?"

ಲಗಮಣ್ಣ ಎತ್ತಿನ ಪರೀಕ್ಷೆಯಲ್ಲಿ ಹೆಸರಾದವನು. ಹಲ್ಲು, ಗೊರಸು, ನಡಿಗೆ, ಎಲ್ಲಕ್ಕಿಂತ ಹೆಚ್ಚಾಗಿ ಸುಳಿ. ಮೈಮೇಲೆ ರೋಮ ಸುತ್ತಿಕೊಂಡ ಜಾಗವನ್ನು ಊದಿ ನೋಡಿ, ಆ ಎತ್ತು ಯಜಮಾನನನ್ನು ಏಳಿಸುತ್ತದೋ ನುಂಗುತ್ತದೋ ಹೇಳುತ್ತಿದ್ದ. ಅವನು ಊದಿ ನೋಡದ ಎತ್ತು ಮುರಗೆಪ್ಪನ ಹಟ್ಟಿಗೆ ಬಂದದ್ದೇ ಇಲ್ಲ.

"ಕಾಕಾ, ನಾಯಿಗೆ ಸುಳಿ ನೋಡೂದಿಲ್ಲ. ಡಾಕ್ಟರ ಚೀಟಿ ಕೊಟ್ಟಾರ."

"ನಾಕ ಕಾಲ ಅದಾವೋ ಇಲ್ಲೋ? ಬಾಲ ಐತೋ ಇಲ್ಲೋ? ಮತ್ತ? ನಡಿ, ಬಸ್ಸ ಬಂತು. ನನ್ನ ಟಿಕೀಟ ನೀನ ತಗೀ."

ಕಾಶಿಬಾಯಿಯ ಮನೆ ದವಾಖಾನೆಯಂತೆ ಫಿನೈಲು ವಾಸನೆ ಹೊಡೆಯುತ್ತಿತ್ತು. ಪಡಸಾಲೆಯಲ್ಲಿ ತಾಯಿ ನಾಯಿ, ಅದರ ನಾಲ್ಕು ಮರಿ. ಶ್ರೀಪಾಲ ಚೀಟಿ ಬಿಚ್ಚಿ ಓದತೊಡಗಿದ. ಅಷ್ಟರಲ್ಲಿ ಲಗಮಣ್ಣ ಒಂದು ಮರಿಯ ಬಾಯಿ ಅಗಲಿಸಿ ಆಗಿತ್ತು.

"ಬಾಯಾರ, ಇದು ಇನ್ನೂ ಹಾಲಹಲ್ಲು. ನಾಕ ಹಲ್ಲ ಹಚ್ಚಿದ್ದು ಇದ್ರ ತೋರಸ್ರಿ."

"ಅರೆ ದೇವಾ," ಅಂದಳು ಕಾಶಿಬಾಯಿ. "ಎರಡ ತಿಂಗಳ ಮರೀರಿ ಅದು. ಅದನ್ನೇನ ನೇಗಲಕ್ಕ ಹೂಡತೀರೇನ?"

ಅಷ್ಟರಲ್ಲಿ ಹಾಲಹಲ್ಲು ತನ್ನ ಕೆಲಸ ಮಾಡಿತು. ಲಗಮಣ್ಣ ಬೆರಳು ಜಾಡಿಸಿ ಬಾಯಲ್ಲಿಟ್ಟುಕೊಂಡ. ಆದರೂ ಬಿಡಲಿಲ್ಲ. ಮರಿಯನ್ನು ನಡೆಸಿ ಹಿಂದಿನಿಂದ ನೋಡಿದ, ಬಾಲ ಎತ್ತಿ ಬಿಟ್ಟ, ಆಮೇಲೆ ಅದನ್ನು ಮಡಿಲಲ್ಲಿ ಮಲಗಿಸಿಕೊಂಡು, ಒಲೆ ಊದಿದಂತೆ ಕೆನ್ನೆ ಉಬ್ಬಿಸಿ ರೋಮ ಊದತೊಡಗಿದ. ಅರಳೆಯಂಥ ರೋಮ ಅತ್ತ ಹೋಗುತ್ತಿತ್ತು, ಇತ್ತ ಬರುತ್ತಿತ್ತು. ಎರಡು ಮರಿ ಮುಗಿಯುವಷ್ಟರಲ್ಲಿ ಅವನಿಗೇ ಉಸಿರು ಹತ್ತಿತು.

"ಇದು ಛಲೋ ಐತಿ," ಎಂದು ಮೂಲೆಯಲ್ಲಿ ಮುದುಡಿ ಕೂತ ಮೂರನೆಯದನ್ನು ಊದಿ ತೋರಿಸಿದ. "ಸುಳಿ ಶುದ್ಧ. ಸಾಧು ಐತಿ. ಇಟ್ಟಲ್ಲೇ ಇರತೈತಿ."

"ಅದಕ್ಕ ನಿನ್ನಿಯಿಂದ ಜ್ವರಾ. ಅದನ್ನ ಮಾರಾಕ ಇಟ್ಟಿಲ್ಲ," ಅಂದಳು ಕಾಶಿಬಾಯಿ.

ಶ್ರೀಪಾಲ ಚಪ್ಪಾಳೆ ತಟ್ಟಿದ. ನಾಲ್ಕನೆಯ ಮರಿ ತಾಯಿಯ ಮೈಮೇಲಿಂದ ಹಾರಿ, ತಟ್ಟೆಯ ಹಾಲು ಚೆಲ್ಲಿ, ಬಂದು ಅವನ ಧೋತರದ ಚುಂಗು ಕಚ್ಚಿ ಎಳೆಯಿತು. ಕಣ್ಣು ಗಾಜಿನಂತೆ ಹೊಳೆಯುತ್ತಿದ್ದವು. ಚೀಟಿಯಲ್ಲಿದ್ದದ್ದೆಲ್ಲ ಅದರಲ್ಲಿತ್ತು.

ಲಗಮಣ್ಣ ಅದರ ಹಣೆ ಊದಿ ನೋಡಿದವನೇ ಕೈ ಬಿಟ್ಟ. "ಬ್ಯಾಡ. ಜೋಡಿ ಸುಳಿ. ಯಜಮಾನನ್ನ ನುಂಗೂ ಜಾತಿ. ಹುಕ್ಕೇರಿ ಕಡೆ ಒಬ್ಬಾಂವ ಇಂಥಾ ಎತ್ತ ಕಟ್ಟಿದಾ, ವರ್ಷ ತುಂಬೂದರಾಗ ಮನಿ ಬಾಗಿಲಕ್ಕ ಕೀಲಿ ಬಿತ್ತು."

ಒಂಬತ್ತು ವರ್ಷದಲ್ಲಿ ಯಾರ ಮಾತಿಗೂ ಎದುರಾಡದ ಶ್ರೀಪಾಲ ಅಂದು ಎದುರಾಡಿದ. "ಇದನ್ನ ಒಯ್ತೀನಿ ಕಾಕಾ. ಸತ್ತರ ಸಾಯೂದು ನನ್ನ ನೌಕರಿ, ನಿಮ್ಮದಲ್ಲ."

ಲಗಮಣ್ಣನಿಗೆ ಸೋಲು ಅರಗಲಿಲ್ಲ. ವ್ಯಾಪಾರವನ್ನಾದರೂ ತಾನು ಮಾಡೋಣವೆಂದು, ದನದ ಬಜಾರದ ರೂಢಿಯಂತೆ ಟಾವೆಲು ಹರವಿ, ಅದರಡಿ ಬೆರಳು ಒತ್ತಿ ಬೆಲೆ ಹೇಳಲು ಕಾಶಿಬಾಯಿಯ ಕೈಗೆ ಕೈ ಹಾಕಿದ. ನರ್ಸಬಾಯಿ ಮೂವತ್ತು ವರ್ಷ ಗಂಡಸರ ವಾರ್ಡು ನೋಡಿಕೊಂಡವಳು. ಟಾವೆಲಿನಡಿ ಏನಾಯಿತೋ ಶ್ರೀಪಾಲನಿಗೆ ಕಾಣಲಿಲ್ಲ. ಲಗಮಣ್ಣ ಮಾತ್ರ ಕೈ ಹಿಂದಕ್ಕೆಳೆದುಕೊಂಡು, ಆಗಲೇ ಕಚ್ಚಿಸಿಕೊಂಡ ಬೆರಳಿನ ಪಕ್ಕದ ಬೆರಳನ್ನೂ ಬಾಯಲ್ಲಿಟ್ಟುಕೊಂಡ.

"ಇಲ್ಲಿ ಬಾಯಿಲೆ ಮಾತಾಡ್ರಿ," ಅಂದಳು ಕಾಶಿಬಾಯಿ.

ಹೊರಗೆ ಬಂದಮೇಲೆ ಶ್ರೀಪಾಲನಿಗೆ ಲಗಮಣ್ಣನ ಬಾಯಿಯ ನೆನಪಾಯಿತು. ಮರಿ ಎಷ್ಟು ಗಟ್ಟಿಯಾಗಿದ್ದರೇನು, ಜೋಡಿ ಸುಳಿ ಎಂದು ಲಗಮಣ್ಣ ಮುರಗೆಪ್ಪನ ಕಿವಿಯಲ್ಲಿ ಒಂದು ಮಾತು ಹಾಕಿದರೆ ಮುಗಿಯಿತು. ಲಗಮಣ್ಣನನ್ನು ಹೋಟೆಲಿಗೆ ಕರೆದೊಯ್ದು ಎರಡು ಪ್ಲೇಟು ಮಿಸಳ ತಿನ್ನಿಸಿದ. ಮೇಲೆ ಚಹಾ. ಅದರ ಮೇಲೆ ನಿಪ್ಪಾಣಿಯ ಒಳ್ಳೆಯ ತಂಬಾಕಿನ ಪುಡಿಕೆ.

"ಕಾಕಾ, ನಿಮ್ಮ ಕಾಲ ಹಿಡಿತೀನಿ. ನಾಯಿ ಸುಳಿ ವಿಷಯ ಚೇರಮನ್ನ ಅಣ್ಣಾರ ಮುಂದ ತಗೀಬ್ಯಾಡ್ರಿ."

ಲಗಮಣ್ಣ ತಂಬಾಕು ತಿಕ್ಕಿ ದವಡೆಗೆ ಇಟ್ಟುಕೊಂಡ. "ನಾ ನೋಡಿದ್ದನ್ನ ಹೇಳದ ಇದ್ದಾಂವ ಅಲ್ಲ. ಹೊಟ್ಟಿ ಉಬ್ಬತೈತಿ. ಆದ್ರ ನಿನ್ನ ಮಿಸಳ ತಿಂದೀನಿ. ಹೋಗಲಿ, ನಾಯಿ ಸುಳಿ ಬಗ್ಗೆ ತುಟಿ ಬಿಚ್ಚಂಗಿಲ್ಲ. ಆಣಿ."

ಬಸ್ಸಿನಲ್ಲಿ ಮರಿ ಚೀಲದಿಂದ ಹೊರಬಿತ್ತು. ಕಂಡಕ್ಟರನ ಟಿಕೀಟು ಕಚ್ಚಿತು. ಮುಂದಿನ ಸೀಟಿನ ಮುದುಕಿಯ ಬುಟ್ಟಿಯಲ್ಲಿ ಮುಖ ತೂರಿಸಿತು. ಚಿಕ್ಕೋಡಿ ಹತ್ತಿರ ಬರುವಾಗ ಶ್ರೀಪಾಲನ ಹೆಗಲೇರಿ, ಟೊಪಿಗೆ ಕಚ್ಚಿ, ಕಿಟಕಿಯ ಹೊರಗೆ ಮುಖ ಮಾಡಿ ಬಾಯಿ ಬಿಟ್ಟಿತು. ಟೊಪಿಗೆ ಕಬ್ಬಿನ ಗದ್ದೆಯತ್ತ ಕೊಕ್ಕರೆಯ ಹಾಗೆ ಹಾರಿಹೋಯಿತು. ಶ್ರೀಪಾಲನಿಗೆ ಬೇಸರವಾಗಲಿಲ್ಲ. ಇಷ್ಟು ಚುರುಕು ನಾಯಿ ನಾಲ್ಕು ದಿನದಲ್ಲಿ ಸಾಯುವುದಿಲ್ಲ.

ಸಂಜೆ ಮುರಗೆಪ್ಪನ ಪಡಸಾಲೆ ತುಂಬಿತ್ತು. ಮರಿಯನ್ನು ಕೆಳಗೆ ಬಿಟ್ಟ ಕೂಡಲೇ ರುಕ್ಮವ್ವ ಕೈ ನೀಡಿದಳು. ಮರಿ ಕೈ ಕೊಡಲಿಲ್ಲ, ಬಳೆ ನೆಕ್ಕಿತು. ಅವಳಿಗೆ ಅಷ್ಟೇ ಸಾಕಾಯಿತು. ಒಳಗೆ ಹೋಗಿ ತಾನೂ ಒಂದು ರೊಟ್ಟಿ ಮುರಿದು ತಿಂದಳು. ಮುರಗೆಪ್ಪನ ಮುಖ ಅರಳಿತು.

"ಲಗಮಣ್ಣಾ, ನೋಡಿ ತಂದಿ ಹೌದಲ್ಲೋ?"

ಲಗಮಣ್ಣ ಶ್ರೀಪಾಲನತ್ತ ನೋಡಿದ, ತಂಬಾಕು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದ. "ನಾಯಿ ಗಟ್ಟಿ ಐತ್ರಿ," ಅಂದ.

"ಸಿದ್ದಾತು. ಶ್ರೀಪಾಲ, ನಾಳೆ ಮೀಟಿಂಗಕ್ಕ ಇಸ್ತ್ರಿ ಅಂಗಿ ಹಾಕ್ಕೊಂಡ ಬಾ."

ಅಷ್ಟರಲ್ಲಿ ಮರಿ ಮುರಗೆಪ್ಪನ ಹೊಸ ಚಪ್ಪಲಿ ಕಚ್ಚಿಕೊಂಡು ಮಂಚದ ಕೆಳಗೆ ನುಗ್ಗಿತು. ಶ್ರೀಪಾಲ ಸಂತೋಷದಲ್ಲೇ ಮೊಣಕಾಲೂರಿ ಬಗ್ಗಿದ. ಟೊಪಿಗೆಯಿಲ್ಲದ, ತೆಳುಗೂದಲಿನ ಅವನ ನೆತ್ತಿ ಸರಿಯಾಗಿ ದೀಪದ ಕೆಳಗೆ, ಲಗಮಣ್ಣನ ಮೂಗಿನ ಮುಂದೆ ಬಂತು.

ನಿಪ್ಪಾಣಿಯಿಂದ ಹೊಟ್ಟೆಯುಬ್ಬಿಸಿಕೊಂಡು ಬಂದಿದ್ದ ಲಗಮಣ್ಣ ತನಗರಿವಿಲ್ಲದೆಯೇ ಊದಿದ.

"ಅಣ್ಣಾರ, ಇಲ್ಲಿ ನೋಡ್ರಿ. ಜೋಡಿ ಸುಳಿ."

ಪಡಸಾಲೆಯಲ್ಲಿದ್ದವರೆಲ್ಲ ಸುತ್ತ ನೆರೆದರು. ಶ್ರೀಪಾಲ ಏಳಲು ನೋಡಿದ. ಲಗಮಣ್ಣ ಕುತ್ತಿಗೆ ಒತ್ತಿ ಹಿಡಿದಿದ್ದ.

"ಮನಶ್ಯಾಗ ಜೋಡಿ ಸುಳಿ ಇದ್ರ ಎರಡ ಲಗ್ನ ಅಂತಾರಪಾ," ಅಂದ ನೆರೆಮನೆಯ ಹಾಲಸಿದ್ದ.

ಮುರಗೆಪ್ಪ ಗಂಭೀರನಾದ. "ಲಗಮಣ್ಣಾ, ಸರಿಯಾಗಿ ಹೇಳು. ಇಂವ ನನ್ನ ಕೈಯಾಗ ದುಡ್ಯಾಂವ. ಇದಕ್ಕ ಮನಶ್ಯಾನ ಲೆಕ್ಕ ಹಿಡೀಬೇಕೋ, ಎತ್ತಿನ ಲೆಕ್ಕ ಹಿಡೀಬೇಕೋ?"

"ದುಡ್ಯಾಂವ ಅಂದಮ್ಯಾಲ ಎತ್ತಿನ ಲೆಕ್ಕಾನ ಹಿಡೀಬೇಕ್ರಿ."

"ಅಣ್ಣಾರ, ಒಂಬತ್ತ ವರ್ಷ ಆತು, ನಿಮಗ ಏನರೆ ಆಗೇತೇನ್ರಿ?" ಬಗ್ಗಿದಲ್ಲಿಂದಲೇ ಶ್ರೀಪಾಲನ ದನಿ ಬಂತು.

"ಅದಕ್ಕ ಕಾರಣ ಐತಿ," ಅಂದ ಲಗಮಣ್ಣ. "ಒಂಬತ್ತ ವರ್ಷ ನೀ ಹಂಗಾಮಿ. ಬಾಡಿಗಿ ಎತ್ತಿಗೆ ಸುಳಿ ಹತ್ತೂದಿಲ್ಲ. ಕಾಯಂ ನಮ್ಮ ಗ್ವಾದಲ್ಯಾಗ ಕಟ್ಟಿದಾಗ ಹತ್ತತೈತಿ. ಅಣ್ಣಾರ, ದುಡಸಕೋರಿ, ಹರಕತ್ತಿಲ್ಲ. ಕಟ್ಟಬ್ಯಾಡ್ರಿ."

ಮುರಗೆಪ್ಪನಿಗೆ ಇದು ಎಲ್ಲ ರೀತಿಯಿಂದಲೂ ಮನಸ್ಸಿಗೆ ಬಂತು.

ಓಣಿಯಲ್ಲಿ ಬರುವಾಗ ಲಗಮಣ್ಣನೇ ಶ್ರೀಪಾಲನಿಗೆ ಸಮಾಧಾನ ಮಾಡಿದ. "ನಾಯಿ ಸುಳಿ ಬಗ್ಗೆ ಆಣಿ ಮಾಡಿದ್ದೆ, ಹೇಳಿದ್ನೇನ? ನಿನ್ನ ಸುಳಿ ಬಗ್ಗೆ ನೀ ಮಿಸಳ ತಿನ್ನಿಸಿರಲಿಲ್ಲಲ್ಲ. ಬ್ಯಾಸರಾಗಬ್ಯಾಡ ತಮ್ಮಾ. ಸುಳಿ ಒಂದ ಬಿಟ್ರ ನೀ ಎಲ್ಲಾ ಛಲೋ ಅದಿ. ಹಲ್ಲ ಗಟ್ಟಿ ಅದಾವ."

ಮರುದಿನದ ಮೀಟಿಂಗಿನಲ್ಲಿ ಒಂದೇ ವಿಷಯ ಮಂಜೂರಾಯಿತು. ಚೇರಮನ್ನರ ನಾಯಿಗೆ ಸಂಘದಿಂದ ದಿನಾಲು ಅರ್ಧ ಲೀಟರ್ ಹಾಲು, ಕಾಯಂ. ಅಳೆದು ಮನೆಗೆ ಮುಟ್ಟಿಸುವ ಕೆಲಸ ಹಂಗಾಮಿ ನೌಕರನದು.

ಹೊಸ ಟೊಪಿಗೆಯನ್ನು ಕಿವಿಯವರೆಗೆ ಎಳೆದುಕೊಂಡು ಶ್ರೀಪಾಲ ಹಾಲಿನ ತಂಬಿಗೆ ಹಿಡಿದು ಹೋದ. ಮರಿ ಸೋಫಾದ ಮೇಲಿಂದ ಹಾರಿ ಬಂದು ತಟ್ಟೆಗೆ ಬಾಯಿ ಹಾಕಿತು. ಅವನು ಅತ್ತಿತ್ತ ನೋಡಿ, ಬಗ್ಗಿ, ಅದರ ಹಣೆಯ ಮೇಲಿನ ರೋಮವನ್ನು ಮೆಲ್ಲಗೆ ಊದಿದ. ಎರಡು ಸುಳಿಯೂ ಅಲ್ಲೇ ಇದ್ದವು.

"ನಿನಗ ಕೂದಲಾ ದಟ್ಟ ಅದಾವಲೇ," ಅಂದ. "ಪಾರಾದಿ."